ಅರವತ್ತಕ್ಕೆ ನಿಂತ ಬ್ಯಾಟರಿ

ಚಿಗವ್ವ ತಿಮ್ಮವ್ವನ ದಿನಕರ್ಮ ಮುಗಿದ ಮೂರನೆಯ ದಿನ ಅಂಬರೇಶ ಡ್ರೋನು, ಅದರ ಮೂರು ಬ್ಯಾಟರಿ, ಹಳೆಯ ಚಾರ್ಜರು, ಹೊಸ ಚಾರ್ಜರು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಮಾನ್ವಿಯಿಂದ ರಾಯಚೂರಿನ ಬಸ್ಸು ಹತ್ತಿದ. ಕಲ್ಲೂರು ದಾಟುವವರೆಗೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಹೊಸ ಚಾರ್ಜರು ಮಾರಿದ ಮೌಲಾಹುಸೇನನಿಗೆ ಏನೇನು ಅನ್ನಬೇಕೆಂದು ಹದಿನಾಲ್ಕು ದಿನಗಳಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ.

ಅಂಬರೇಶ ಮಾನ್ವಿಯಲ್ಲಿ ಮದುವೆಗಳ ಫೋಟೋ, ವಿಡಿಯೋ ತೆಗೆಯುವವನು. ಹೆತ್ತವ್ವ ಅವನು ಮೂರು ವರ್ಷದವನಿದ್ದಾಗಲೇ ತೀರಿಕೊಂಡಿದ್ದಳು. ಅವಳ ತಂಗಿ ತಿಮ್ಮವ್ವ ದೇವದುರ್ಗದ ಕಡೆಯಿಂದ ಅಕ್ಕನ ಮಣ್ಣಿಗೆಂದು ಬಂದವಳು ವಾಪಸು ಹೋಗಲೇ ಇಲ್ಲ. ಮದುವೆಯ ಮಾತು ಬಂದಾಗಲೆಲ್ಲ, "ಈ ಕೂಸು ತನ್ನ ಕೈಲೆ ಉಣ್ಣಾಂಗ ಆಗ್ಲಿ" ಎಂದು ಮುಂದೂಡುತ್ತ ಮುಂದೂಡುತ್ತ ತನ್ನ ವಯಸ್ಸನ್ನೇ ಕಳೆದಳು. ಹತ್ತಿ ಬಿಡಿಸಿ, ಮೆಣಸಿನಕಾಯಿ ತೊಟ್ಟು ಮುರಿದು ಅವನನ್ನು ಓದಿಸಿದಳು. ಅವನು ಮೊದಲ ಕ್ಯಾಮೆರಾ ಕೊಂಡಾಗ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಹೋಗಿ ಲೆನ್ಸಿಗೇ ಹಚ್ಚಿಬಿಟ್ಟಿದ್ದಳು.

ಎರಡು ವರ್ಷಗಳಿಂದ ಅವಳಿಗೆ ಮರೆವು ಹಿಡಿದಿತ್ತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಓಣಿಯ ಹೆಸರು, ಆಮೇಲೆ ವರ್ಷಗಳನ್ನೇ. ತನ್ನ ಅವ್ವ ಇನ್ನೂ ದೇವದುರ್ಗದ ಮನೆಯಲ್ಲಿ ಕಾಯುತ್ತಿದ್ದಾಳೆಂದು ಅವಳ ನಂಬಿಕೆ. "ಸೌಭಾಗಿ, ಹೊತ್ತು ಮುಣಗೂದ್ರಾಗ ದುರ್ಗಕ್ಕ ಹೋಗಬೇಕು, ಅವ್ವ ಬೈತಾಳ" ಎಂದು ಅಂಬರೇಶನ ಹೆಂಡತಿಯ ಸೆರಗು ಹಿಡಿಯುತ್ತಿದ್ದಳು. ಸೌಭಾಗ್ಯ ಎಂದೂ ಸಿಟ್ಟಾದವಳಲ್ಲ. "ನಾಳಿ ಹೋಗೂನ್ರಿ ಅತ್ತಿ, ಇವತ್ತು ಬಸ್ಸು ಇಲ್ಲಂತ" ಎನ್ನುತ್ತಿದ್ದಳು. ನಾಳೆ ಅನ್ನುವಷ್ಟಕ್ಕೆ ಮುದುಕಿಗೆ ಸಮಾಧಾನವಾಗುತ್ತಿತ್ತು.

ಮಲ್ಲಟದಲ್ಲಿ ಸೌಭಾಗ್ಯಳ ದೊಡ್ಡಪ್ಪನ ಮಗಳ ಮದುವೆ. ಮೇ ತಿಂಗಳು, ಬಿಸಿಲು ನಲವತ್ಮೂರು ಡಿಗ್ರಿ. ಫೋಟೋದ ಕೆಲಸವೂ ಅಂಬರೇಶನದೇ ಆದ್ದರಿಂದ, ಚಿಗವ್ವನನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆಂದು ಅವಳನ್ನೂ ಕರೆದುಕೊಂಡು ಹೋದರು. ಹಸಿರು ಇಳಕಲ್ ಸೀರೆ ಉಡಿಸಿ, ತಲೆ ಬಾಚಿ, ಸಮುದಾಯ ಭವನದ ಹೆಣ್ಣುಮಕ್ಕಳ ನಡುವೆ ಕೂರಿಸಿದ್ದರು.

ಅಂಬರೇಶ ಬೆಳಿಗ್ಗೆ ಮದುಮಗನನ್ನು ಎದುರುಗೊಳ್ಳುವ ಮೆರವಣಿಗೆಯನ್ನು ಡ್ರೋನಿನಿಂದ ತೆಗೆದ. ಅಂಗೈಯಗಲದ ಸಣ್ಣ ಡ್ರೋನು. ಒಂದು ಬ್ಯಾಟರಿ ತುಂಬಿದ್ದರೆ ಇಪ್ಪತ್ತೆಂಟು ನಿಮಿಷ ಹಾರುತ್ತಿತ್ತು. ಮೂರನ್ನೂ ಖಾಲಿ ಮಾಡಿ, ಹನ್ನೊಂದರ ಸುಮಾರಿಗೆ ಭವನದ ಕೋಣೆಯಲ್ಲಿ ಹೊಸ ಚಾರ್ಜರಿಗೆ ಹಾಕಿದ. ಅದನ್ನು ಎರಡು ದಿನದ ಹಿಂದಷ್ಟೇ ರಾಯಚೂರಿನ ಮೌಲಾಹುಸೇನನ ಅಂಗಡಿಯಲ್ಲಿ ಕೊಂಡಿದ್ದ. ಡ್ರೋನಿನ ಜೊತೆ ಬಂದ ಚಾರ್ಜರು ಒಂದು ತುಂಬಿದ ಮೇಲೆ ಇನ್ನೊಂದನ್ನು ತುಂಬುವಂಥದು, ಮೂರಕ್ಕೆ ಅರ್ಧ ದಿನ ಬೇಕು. ಇದು ಬೇರೆ ಯಾರೋ ಮಾಡಿದ್ದು, ಮೂರನ್ನೂ ಒಟ್ಟಿಗೆ ತುಂಬುತ್ತದೆ. ಭಾನುವಾರ ಮನೆಯಲ್ಲಿ ಪರೀಕ್ಷೆ ಮಾಡಿಯೇ ಬಳಸಬೇಕು ಅಂದುಕೊಂಡಿದ್ದವನು ಮದುವೆಯ ಅವಸರದಲ್ಲಿ ಹಾಗೇ ಒಯ್ದಿದ್ದ.

ಊಟದ ಪಂಕ್ತಿ ಎದ್ದಾಗ ತಿಮ್ಮವ್ವ ಇರಲಿಲ್ಲ.

ಮೊದಲು ಯಾರೂ ಗಾಬರಿಯಾಗಲಿಲ್ಲ. ನೀರಿನ ಕಡೆ ಹೋಗಿರಬೇಕು, ಯಾರದೋ ಮನೆಯಲ್ಲಿ ಅಡ್ಡಾಗಿರಬೇಕು ಎಂದರು. ಮೂರು ಗಂಟೆಯ ಹೊತ್ತಿಗೆ ಹತ್ತಾರು ಬೈಕುಗಳು ಊರ ಸುತ್ತ ಓಡಾಡಿದವು. ನಾಲ್ಕಕ್ಕೆ ಮದುಮಗಳ ಸೋದರಮಾವ ಹನುಮಂತರಾಯ ಅಂದ: "ಅಂಬ್ರೇಶ, ನಿನ್ನ ಆ ಹಾರೂದನ್ನ ಬಿಡಪಾ. ಮ್ಯಾಲಿಂದ ನೋಡಿದ್ರ ಲಗೂನ ಸಿಕ್ತಾಳ."

ಅಂಬರೇಶ ಕೋಣೆಗೆ ಓಡಿದ. ಚಾರ್ಜರಿನ ಮೂರೂ ದೀಪಗಳು ಹಸಿರಾಗಿದ್ದವು. ಆದರೆ ಬ್ಯಾಟರಿ ಹಾಕಿ ಡ್ರೋನು ಚಾಲೂ ಮಾಡಿದಾಗ ಪರದೆಯ ಮೇಲೆ ಬಂದದ್ದು ನೂರಕ್ಕೆ ಅರವತ್ತು. ಎರಡನೆಯದು ಅರವತ್ತು. ಮೂರನೆಯದು ಅರವತ್ತೊಂದು. ಒಂದನ್ನು ಮರಳಿ ಚಾರ್ಜರಿಗೆ ಸಿಕ್ಕಿಸಿದರೆ ತಕ್ಷಣ ಹಸಿರು ದೀಪ. ಯೋಚಿಸುವ ಹೊತ್ತಲ್ಲ ಅದು. ಇದ್ದಷ್ಟರಲ್ಲೇ ಹಾರಿಸಿದ.

ಮೊದಲನೆಯ ಬ್ಯಾಟರಿಯನ್ನು ಮಾನ್ವಿಯ ದಾರಿಗೆ ಖರ್ಚು ಮಾಡಿದ, ಮನೆಯ ದಾರಿ ಹಿಡಿದಿರಬಹುದೆಂದು. ಎರಡನೆಯದನ್ನು ಕೆರೆಯ ಕಡೆಗೆ. ಸೌಭಾಗ್ಯ ಮೊದಲಿನಿಂದಲೂ, "ದುರ್ಗದ ಕಡಿ ನೋಡ್ರಿ, ದುರ್ಗದ ಕಡಿ ನೋಡ್ರಿ" ಅನ್ನುತ್ತಲೇ ಇದ್ದಳು. ಮೂರನೆಯದನ್ನು ಅತ್ತ ಬಿಟ್ಟ. ನೀರು ಬಿಡದೆ ಬಣಗುಟ್ಟುತ್ತಿದ್ದ ಕಾಲುವೆಯ ಗುಂಟ, ಎರಡೂ ಕಡೆಯ ಹೊಲಗಳನ್ನು ನೋಡುತ್ತ, ಡ್ರೋನು ನಿಧಾನಕ್ಕೆ ಹೋಯಿತು. ಕಾಲುವೆ ತಿರುಗುವ ಜಾಗಕ್ಕೆ ತಲುಪಿದಾಗ, ಚಾರ್ಜು ಸಾಲದೆಂದು ಚೀರಲು ಶುರುವಿಟ್ಟು ತಾನಾಗಿಯೇ ಹಿಂದಕ್ಕೆ ಹೊರಳಿತು. ಮತ್ತೆ ಹಾರಿಸಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಊರಿನ ಕರೆಂಟೂ ಹೋಗಿತ್ತು. ಕತ್ತಲೆಯಲ್ಲಿ ಟಾರ್ಚು ಹಿಡಿದು ಹುಡುಕಿದರೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದವರು ತಿಮ್ಮವ್ವನನ್ನು ಕಂಡರು. ಕಾಲುವೆಯ ತಿರುವಿನಿಂದ ಎರಡು ಹೊಲದಾಚೆ, ಒಂದು ಬೇವಿನ ಮರದ ಬುಡಕ್ಕೆ ಒರಗಿದ್ದಳು. ಚಪ್ಪಲಿಗಳನ್ನು ಬಿಚ್ಚಿ ಜೋಡಿಸಿಟ್ಟಿದ್ದಳು. ಬಿಸಿಲು ಬಡಿದು ಸತ್ತದ್ದು ಎಂದರು ಡಾಕ್ಟರು. ಎಷ್ಟು ಹೊತ್ತಿಗೆ ಎಂದು ಅಂಬರೇಶ ಕೇಳಿದ. "ಹೊತ್ತು ಮುಣಗೂ ಮುಂದ ಇರಬಹುದು, ಆಮ್ಯಾಲೂ ಇರಬಹುದು. ಅದನ್ನ ಈಗ ಖಚಿತ ಹೇಳಾಕ ಆಗಲ್ಲ" ಎಂದರು ಅವರು.

*

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರದ ಒಂದು ಗಲ್ಲಿಯಲ್ಲಿ ಮೌಲಾಹುಸೇನನ ಅಂಗಡಿ. ಕೆಳಗೆ ಮೊಬೈಲು, ಕ್ಯಾಮೆರಾ ರಿಪೇರಿ, ಮೇಲೆ ಮನೆ. ಐವತ್ತು ದಾಟಿದ ಮನುಷ್ಯ, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಅಂಬರೇಶನ ಮೊದಲ ಕ್ಯಾಮೆರಾ ನೀರಿಗೆ ಬಿದ್ದಾಗ ಇಡೀ ದಿನ ಕೂತು ಬಿಚ್ಚಿ ಒಣಗಿಸಿ ಉಳಿಸಿಕೊಟ್ಟವನು ಅವನೇ. ಅಂದಿನಿಂದ ಹನ್ನೆರಡು ವರ್ಷದ ಸ್ನೇಹ.

ಅಂಬರೇಶನನ್ನು ಕಂಡವನೇ ಎದ್ದು ಹೊರಗೆ ಬಂದು ಎರಡೂ ಕೈ ಹಿಡಿದುಕೊಂಡ. "ಮಣ್ಣಿಗೆ ಬಂದಾಗ ನಿನ್ನ ಜೋಡಿ ಮಾತಾಡಾಕ ಆಗಲಿಲ್ಲಪಾ. ಬಾ, ಒಳಗ ಬಾ."

ಅಂಬರೇಶ ಕೈ ಬಿಡಿಸಿಕೊಂಡು ಚಾರ್ಜರನ್ನು ಮೇಜಿನ ಮೇಲಿಟ್ಟ. "ಮೌಲಾ ಭಾಯ್, ಇದು ತುಂಬಸಂಗಿಲ್ಲ. ಅರವತ್ತಕ್ಕ ನಿಂತು ಹಸರು ದೀಪ ತೋರಸ್ತದ. ನೀವೇ ಪರೀಕ್ಷಾ ಮಾಡ್ರಿ. ನನ್ನ ಕಣ್ಣಮುಂದ ಮಾಡ್ರಿ."

ಜೋಡಿಸಿಟ್ಟುಕೊಂಡಿದ್ದ ಉಳಿದ ಮಾತುಗಳ ಬದಲು ಮೂರೂ ಬ್ಯಾಟರಿಗಳನ್ನು ಚಾರ್ಜರಿನ ಪಕ್ಕ ಇಟ್ಟ. ಮೌಲಾಹುಸೇನ ಅವನ ಮುಖ ನೋಡಿದ, ಚಾರ್ಜರು ನೋಡಿದ. "ಅವತ್ತ ಇದೇ ಇತ್ತೇನು?" ಎಂದ ಮೆಲ್ಲಗೆ. ಅಂಬರೇಶ ತಲೆಯಾಡಿಸಿದ. ಮೌಲಾಹುಸೇನ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದ.

ಅಂಬರೇಶ ಮನೆಯಲ್ಲಿ ಮತ್ತೊಮ್ಮೆ ಹಾಕಿ ನೋಡಿದ್ದರಿಂದ ಬ್ಯಾಟರಿಗಳಲ್ಲಿ ಚಾರ್ಜಿತ್ತು, ಮೊದಲು ಅವನ್ನು ಖಾಲಿ ಮಾಡಬೇಕಿತ್ತು. ಇಬ್ಬರೂ ಮನೆಯ ತಾರಸಿಗೆ ಹೋಗಿ ಡ್ರೋನನ್ನು ಆಳೆತ್ತರಕ್ಕೆ ಹಾರಿಸಿ ಹಾಗೇ ನಿಲ್ಲಿಸಿದರು. ಒಣಹಾಕಿದ ಬಟ್ಟೆ ತೆಗೆಯಲು ಬಂದ ಮೌಲಾಹುಸೇನನ ಹೆಂಡತಿ ರಂಜಾನಬಿ ಅಂಬರೇಶನನ್ನು ಕಂಡು ಮಾತಾಡಿಸಲು ಬಾಯಿ ತೆರೆದು, ಗಂಡ ಕಣ್ಣಲ್ಲೇ ಬೇಡವೆಂದದ್ದರಿಂದ ಸುಮ್ಮನೆ ಕೆಳಗಿಳಿದಳು. ಒಂದರ ಹಿಂದೊಂದು ಮೂರೂ ಬ್ಯಾಟರಿ ತೀರುವ ತನಕ ಇಬ್ಬರೂ ಆ ಬಿಸಿಲಿನಲ್ಲಿ ನಿಂತಿದ್ದರು.

ಪರೀಕ್ಷೆ ಶುರುವಾಯಿತು. ಗೋಡೆಯ ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಮೌಲಾಹುಸೇನ ಒಂದು ಮೀಟರು ಕೂರಿಸಿದ. ಮೊದಲ ಬ್ಯಾಟರಿಯನ್ನು ಹಳೆಯ ಚಾರ್ಜರಿಗೆ ಹಾಕಿದರು. ಅದು ತನ್ನ ಎಂದಿನ ನಿಧಾನದಲ್ಲಿ ನೂರು ತುಂಬಿತು. "ಬ್ಯಾಟರಿ ಚಲೋ ಅದ" ಎಂದ ಮೌಲಾಹುಸೇನ. ಎರಡನೆಯದನ್ನು ಹೊಸದಕ್ಕೆ ಹಾಕಿದರು. ಮೀಟರಿನ ಅಂಕಿ ಸರಸರ ಏರಿತು, ಸ್ವಲ್ಪ ಹೊತ್ತಿನಲ್ಲೇ ಸೊನ್ನೆಗೆ ಬಂತು, ದೀಪ ಹಸಿರಾಯಿತು. ಡ್ರೋನಿಗೆ ಹಾಕಿ ನೋಡಿದರೆ ಅರವತ್ತು.

"ಕಾವಿಗೆ ನಿಂತಿರಬಹುದು. ಬಿಸಿ ಆದ್ರ ಕೆಲವು ತಮಗ ತಾವ ನಿಲ್ತಾವ" ಎಂದು ಮೌಲಾಹುಸೇನ ಕೂಲರನ್ನು ಮೇಜಿನ ಕಡೆ ತಿರುಗಿಸಿ, ಬ್ಯಾಟರಿ ತಣ್ಣಗಾಗುವ ತನಕ ಕಾದು ಮತ್ತೆ ಹಾಕಿದ. ಒಂದೇ ಗಳಿಗೆಗೆ ಹಸಿರು. ಅರವತ್ತೇ. "ನಮ್ಮ ಕರೆಂಟಿಂದೂ ಭರೋಸಾ ಇಲ್ಲ" ಎಂದು ಸ್ಟೆಬಿಲೈಜರಿನಿಂದ ತಂತಿ ಎಳೆದ. ಅರವತ್ತು. ಆಮೇಲೆ ಮೊದಲನೆಯದನ್ನು ಪುನಃ ಖಾಲಿ ಮಾಡಿ ತಂದು ಮೂರನ್ನೂ ಒಟ್ಟಿಗೆ ಹಾಕಿದರು. ಅರವತ್ತು, ಅರವತ್ತು, ಅರವತ್ತೊಂದು.

ಇಳಿಹೊತ್ತಿನ ಅಸರ್ ನಮಾಜಿನ ಕೂಗು ಕೇಳಿಸಿತು. ಮೌಲಾಹುಸೇನ ಏಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ತನ್ನಷ್ಟಕ್ಕೆ ತಾನೇ ಅನ್ನತೊಡಗಿದ: "ಕೆಟ್ಟಿದ್ರ ಒಂದು ಐವತ್ತಕ್ಕ ನಿಲ್ಲಬೇಕು, ಒಂದು ಎಂಬತ್ತಕ್ಕ. ಎಲ್ಲಾ ಒಂದ ಕಡಿ ನಿಂತಾವಂದ್ರ, ಯಾರೋ ಅದಕ್ಕ ಅಲ್ಲೇ ನಿಲ್ಲು ಅಂದಾರ..."

ಅವನ ಕೈ ಚಾರ್ಜರನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿತು. ಅಲ್ಲೊಂದು ಕಪ್ಪು ಗುಂಡಿ, ಕಪ್ಪು ಡಬ್ಬಿಯ ಮೇಲೆ ಕಾಣುವುದೇ ಕಷ್ಟ. ಉಗುರಿನಿಂದ ಒತ್ತಿದ. ಹಸಿರಾಗಿದ್ದ ಮೂರೂ ದೀಪಗಳು ಕೆಂಪಾಗಿ ಮಿಣುಕಿದವು. ಮೀಟರಿನ ಅಂಕಿ ಮತ್ತೆ ಏರಿತು.

ಮೌಲಾಹುಸೇನ ಆ ಗುಂಡಿ ಕಾಣುವಂತೆ ಚಾರ್ಜರನ್ನು ಅಂಬರೇಶನ ಕಡೆ ತಿರುಗಿಸಿದ. ಸುಮ್ಮನಿದ್ದಿದ್ದರೆ ಅಂಬರೇಶನಿಗೆ ಏನೂ ತಿಳಿಯುತ್ತಿರಲಿಲ್ಲ.

"ಅಂಬ್ರೇಶ, ಇದು ನಂದು ತಪ್ಪು. ಮದವಿ ಸೀಜನ್ ಮುಗದ ಮ್ಯಾಲ ಬ್ಯಾಟರಿ ತುಂಬಿಸಿ ಇಟ್ರ ಉಬ್ಬತಾವು, ಅದಕ್ಕ ಇದರಾಗ ಅರವತ್ತಕ್ಕ ನಿಲ್ಲಸೂ ಗುಂಡಿ ಅದ ಅಂತ ನಿನಗ ಒತ್ತಿ ತೋರ್ಸಿದ್ದೆ. ನೆನಪದ ಏನು? ಅಷ್ಟರಾಗ ಒಬ್ಬ ಪೊಲೀಸಪ್ಪ ಮೊಬೈಲ್ ರಿಪೇರಿಗೆ ತಂದ. ವಾಪಸ್ ಒತ್ತೂದು ಮರತು, ಹಂಗ ಡಬ್ಬ್ಯಾಗ ಹಾಕಿ ಕೊಟ್ಟೆ."

ಅಂಬರೇಶನಿಗೆ ನೆನಪಾಯಿತು. ಆ ಹೊತ್ತು ತಾನು ಫೋನಿನಲ್ಲಿ ಮದುವೆಯವರೊಂದಿಗೆ ಮಾತಾಡುತ್ತ, ಹೂಂ ಹೂಂ ಎಂದು ತಲೆಯಾಡಿಸಿದ್ದೂ ನೆನಪಾಯಿತು.

ಹದಿನಾಲ್ಕು ದಿನ ಅವನು ಒಂದು ಡಬ್ಬಿಯ ಮೇಲೆ ಸಿಟ್ಟಾಗಿದ್ದ. ಹೆಸರಿಲ್ಲದ, ಎಲ್ಲೋ ದೂರದಲ್ಲಿ ತಯಾರಾದ ಡಬ್ಬಿ. ಅದನ್ನು ನೆಲಕ್ಕೆ ಅಪ್ಪಳಿಸಿ ಒಡೆಯುವುದನ್ನು ಎಷ್ಟೋ ಸಲ ಮನಸ್ಸಿನಲ್ಲೇ ಮಾಡಿದ್ದ. ಈಗ ಆ ಡಬ್ಬಿ ತನ್ನ ಪಾಡಿಗೆ ತಾನು, ಹೇಳಿದಷ್ಟೂ ಕೆಲಸ ಮಾಡುತ್ತ ಮುಂದೆ ಕೂತಿತ್ತು. ಮೂರೂ ನೂರು ತುಂಬುವವರೆಗೆ ಇಬ್ಬರೂ ಮೇಜಿನ ಮುಂದೆ ಕಾದು ಕೂತರು. ರಂಜಾನಬಿ ತಂದಿಟ್ಟ ಚಹಾ ಕೆನೆಗಟ್ಟಿತು.

"ಬೈಯಪಾ ನನಗ. ಒಂದರ ಮಾತು ಬೈಯಿ" ಎಂದ ಮೌಲಾಹುಸೇನ.

"ಮದವಿಗೂ ಮೊದಲ ನಾ ಮನಿಯಾಗ ಒಮ್ಮಿ ಹಚ್ಚಿ ನೋಡಿದ್ರ ಗೊತ್ತಾಗತಿತ್ತು ಭಾಯ್" ಎಂದಷ್ಟೇ ಹೇಳಿ ಅಂಬರೇಶ ಎಲ್ಲವನ್ನೂ ಚೀಲಕ್ಕೆ ತುಂಬಿದ. ಷಟರಿನ ಕೆಳಗೆ ಬಗ್ಗಿ ಹೊರಬಿದ್ದವನು ಹಿಂದಿರುಗಿ ನೋಡಲಿಲ್ಲ.

*

ಸೌಭಾಗ್ಯ ಎಲ್ಲ ಕೇಳಿಸಿಕೊಂಡಳು. ಆದರೆ ಅಂಬರೇಶನಿಗೆ ಅಷ್ಟಕ್ಕೆ ಮುಗಿದಿರಲಿಲ್ಲ. ಊಟಕ್ಕೆ ಕೂತಾಗ, ಅಂಗಡಿಯಲ್ಲಿ ಆಲ್ಬಮ್ ಜೋಡಿಸುವಾಗ ಅವನ ತಲೆಯಲ್ಲಿ ಒಂದೇ ಲೆಕ್ಕ. ನೂರು ತುಂಬಿದ್ದರೆ ಡ್ರೋನು ತಿರುವು ದಾಟಿ ಮರದವರೆಗೆ ಹೋಗುತ್ತಿತ್ತು, ಅದು ಖಂಡಿತ. ಹೋಗಿದ್ದರೆ ಚಿಗವ್ವ ಕಾಣುತ್ತಿದ್ದಳೇ?

"ಮಲ್ಲಟಕ್ಕ ಹೋಗಿ ಒಮ್ಮಿ ನೋಡಿ ಬರ್ತೀನಿ" ಎಂದ ಒಂದು ವಾರದ ಮೇಲೆ. "ತುಂಬಿದ ಬ್ಯಾಟರಿ ಹಾಕಿ, ಅಲ್ಲಿಂದಾನ ಹಾರಿಸಿ."

"ಖಾಲಿ ಮರ ನೋಡಿದ್ರ ಏನು ತಿಳಿತದ?" ಎಂದಳು ಸೌಭಾಗ್ಯ. ಆಮೇಲೆ, "ಅದರ ಬುಡಕ್ಕ ನಾ ಹೋಗಿ ಕುಂದರ್ತೀನಿ" ಎಂದಳು.

ಅವನು ಎದ್ದು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿದ.

ಅದೇ ನಾಲ್ಕು ಗಂಟೆಯ ಬಿಸಿಲು. ಸೌಭಾಗ್ಯ ಹಸಿರು ಸೀರೆಯುಟ್ಟು, ನೀರಿನ ಬಾಟಲಿ ಹಿಡಿದು, ಹನುಮಂತರಾಯನ ಬೈಕಿನಲ್ಲಿ ಕಾಲುವೆಯವರೆಗೆ ಹೋಗಿ, ಅಲ್ಲಿಂದ ನಡೆದಳು. ಬೈಕು ಹಿಂದಿರುಗಿದ ಮೇಲೆ ಅಂಬರೇಶ ಭವನದ ಅಂಗಳದಿಂದ ಡ್ರೋನು ಬಿಟ್ಟ. ಅವತ್ತಿನಷ್ಟೇ ಎತ್ತರ, ಅವತ್ತಿನಷ್ಟೇ ನಿಧಾನ, ಅದೇ ಕಾಲುವೆಯ ಗುಂಟ. ಹನುಮಂತರಾಯ ಬಿಸಿಲಿಗೆ ಟವೆಲು ಅಡ್ಡ ಹಿಡಿದು ಪರದೆಗೆ ನೆರಳು ಮಾಡಿದ.

ತಿರುವಿಗೆ ಬಂದಾಗ ಅರವತ್ತೈದು ಉಳಿದಿತ್ತು. ಡ್ರೋನು ಚೀರಲಿಲ್ಲ, ಹೊರಳಲಿಲ್ಲ. ಒಂದು ಹೊಲ ದಾಟಿತು, ಎರಡನೆಯದು ದಾಟಿತು. ಬಿತ್ತನೆಗೆ ಹರಗಿದ ಕರಿಯ ಎರೆಹೊಲದ ನಡುವೆ ಮರದ ತಲೆ ದುಂಡಗೆ ಕಾಣಿಸಿತು.

ಬರೀ ಎಲೆ. ಅಂಬರೇಶ ಒಂದು ಸುತ್ತು ತಿರುಗಿಸಿದ. ಎಲೆ ಬಿಟ್ಟರೆ ನೆರಳು. ಅಲ್ಲಿ ಹೆಂಡತಿ ಕೂತಿದ್ದಾಳೆಂದು ಗೊತ್ತಿದ್ದೂ ಅವಳು ಕಾಣಲಿಲ್ಲ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದಂತಾಯಿತು. ಅಲ್ಲಿಗೇ ಡ್ರೋನನ್ನು ಕರೆಸಿಕೊಳ್ಳಬಹುದಿತ್ತು. ಆದರೆ ಬ್ಯಾಟರಿ ಇನ್ನೂ ಐವತ್ತರ ಮೇಲಿತ್ತು, ಬೆರಳು ಕೇಳಲಿಲ್ಲ. ಕೆಳಗಿಳಿಸಿದ. ಪಡುವಣ ಬದಿಗೆ ಸರಿಸಿ, ಮರದ ಬುಡಕ್ಕೆ ಕಣ್ಣು ಹೊಂದಿಸಿದ.

ಕಂಡಳು. ಬುಡಕ್ಕೆ ಒರಗಿ, ಕಾಲು ಚಾಚಿ ಕೂತಿದ್ದಳು. ಸೀರೆಯ ಹಸಿರೂ, ಅಂಗಾಲೂ ಸ್ಪಷ್ಟ.

ಸೌಭಾಗ್ಯಳ ಫೋನು ಬಂತು. "ಕಂಡೆನೇನ್ರಿ?"

ಇಲ್ಲ ಅಂದುಬಿಡು ಎಂಬಂತೆ ಹನುಮಂತರಾಯ ಅಂಬರೇಶನ ಭುಜ ಒತ್ತಿದ.

"ಕಂಡಿ. ಮ್ಯಾಲಿಂದ ಕಾಣಲಿಲ್ಲ. ಇಳಿಸಿ, ಬಾಜೂಕ ತಂದಮ್ಯಾಲ ಕಂಡಿ."

"ಅವತ್ತ ಇಳಸ್ತಿದ್ರೇನು?"

"ಗೊತ್ತಿಲ್ಲ ಸೌಭಾಗ್ಯ."

ಅವನು ಡ್ರೋನು ಇಳಿಸಿಕೊಂಡು ಬೈಕು ಹತ್ತಿ ಹೋದಾಗ ಅವಳು ಎದ್ದಿರಲಿಲ್ಲ. ಮುಖವೆಲ್ಲ ಒದ್ದೆಯಾಗಿತ್ತು. ಅವನೂ ಪಕ್ಕದಲ್ಲಿ ಕೂತ. ಮರದ ಕೆಳಗೆ ತಂಪಿತ್ತು. ಮುದುಕಿ ಚಪ್ಪಲಿ ಬಿಚ್ಚಿಟ್ಟದ್ದೇಕೆಂದು ಅಲ್ಲಿ ಕೂತ ಮೇಲೆ ಅವನಿಗೆ ತಿಳಿಯಿತು. ಯಾರದೋ ಮನೆಯ ಕಟ್ಟೆಯ ಹಾಗಿತ್ತು ಆ ಜಾಗ.

"ನಿಮಗ ಹೇಳಬೇಕೋ ಬ್ಯಾಡೋ ತಿಳಿವಲ್ದು" ಎಂದಳು ಸೌಭಾಗ್ಯ. "ಅದರ ಸಪ್ಪಳ ಇಲ್ಲಿಗೆ ಕೇಳಸ್ತದ್ರಿ. ಇಲ್ಲಿಗೆ ಬಂದಾಗ ಅಷ್ಟ ಅಲ್ಲ. ತಿರುವಿನ್ಯಾಗ ಇದ್ದಾಗಿಂದಾನ ಕೇಳಸ್ತದ."

ಅಂಬರೇಶ ಅವಳ ಮುಖ ನೋಡಿದ.

ಮನೆಯಲ್ಲಿ ಡ್ರೋನು ಹಾರಿಸಿದಾಗಲೆಲ್ಲ ತಿಮ್ಮವ್ವ ಅಂಗಳಕ್ಕೆ ಬಂದು ಕೈಯೆತ್ತಿ, "ನನ್ನ ಕೂಸಿನ ದುಂಬಿ ಬಂತು ನೋಡು" ಎನ್ನುತ್ತಿದ್ದಳು. ಮನೆಯವರ ಹೆಸರು ಮರೆತ ಮೇಲೂ ಆ ಸಪ್ಪಳವನ್ನು ಮಾತ್ರ ಮರೆತಿರಲಿಲ್ಲ. ಆಗ ಇನ್ನೂ ಜೀವವಿತ್ತೆಂದರೆ, ಅವತ್ತೂ ಕೇಳಿಸಿಕೊಂಡಿರುತ್ತಾಳೆ. ಅದು ಹತ್ತಿರ ಬಂದದ್ದನ್ನೂ, ಬಂದು ಹಿಂದಿರುಗಿದ್ದನ್ನೂ.

ಅವನು ಮೊಣಕಾಲಿಗೆ ಹಣೆಯಿಟ್ಟು ಅತ್ತ. ಮಣ್ಣು ಮಾಡುವಾಗಲೂ ಅಳದವನು, ದಿನಕರ್ಮದಲ್ಲೂ ಅಳದವನು, ಬಿಕ್ಕಿ ಬಿಕ್ಕಿ, ಕೂಸಿನ ಹಾಗೆ ಅತ್ತ. ಸೌಭಾಗ್ಯ ತಡೆಯಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು.

"ಬೈಕೊಂಡಿರಂಗಿಲ್ಲ ಬಿಡ್ರಿ ಅಕಿ" ಎಂದಳು ಕಡೆಗೆ. "ನಿಮಗ ಯಾವಾಗ ಬೈದಾಳ? ಅಂಬ್ರೇಶ ಇಲ್ಲೇ ಎಲ್ಲೋ ಅದಾನ ಅನ್ಕೊಂಡಿರತಾಳ. ಒಬ್ಬಾಕೀನ ಅದೀನಿ ಅಂತ ಅನ್ಕೊಂಡಿರಂಗಿಲ್ಲ."

ಅದು ನಿಜವೋ, ಗಂಡನಿಗಾಗಿ ಹೇಳಿದ ಮಾತೋ ಅಂಬರೇಶ ಕೇಳಲಿಲ್ಲ.

ಮಳೆ ಶುರುವಾದ ಮೇಲೆ ಒಂದು ಶುಕ್ರವಾರ ಮೌಲಾಹುಸೇನ, ರಂಜಾನಬಿ ಇಬ್ಬರೂ ಮಾನ್ವಿಗೆ ಬಂದರು. ಹೊಸ್ತಿಲ ಹೊರಗೇ ನಿಂತಿದ್ದವರನ್ನು ಸೌಭಾಗ್ಯ, "ಒಳಗ ಬರ್ರಿ, ಯಾಕ ಅಲ್ಲೇ ನಿಂತೀರಿ" ಎಂದು ಕರೆದಳು. ಮೌಲಾಹುಸೇನ ಸೊರಗಿ ಇಳಿದುಹೋಗಿದ್ದ. ಚಾಪೆಯ ಮೇಲೆ ಕೂತವನು, "ಆ ಚಾರ್ಜರ್ ಕೊಡಪಾ, ನಿನ್ನ ಮನ್ಯಾಗ ಅದು ಇರೂದು ಬ್ಯಾಡ" ಎಂದ.

ಅಂಬರೇಶ ಕೊಡಲಿಲ್ಲ. ಮಲ್ಲಟದಲ್ಲಿ ಮಾಡಿದ ಪರೀಕ್ಷೆಯನ್ನು ಮೊದಲಿನಿಂದ ಕಡೆಯವರೆಗೆ ಹೇಳಿದ. ಅರವತ್ತೈದು ಉಳಿದದ್ದು, ಮೇಲಿನಿಂದ ಕಾಣದ್ದು, ಇಳಿಸಿದಾಗ ಕಂಡದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಸಪ್ಪಳದ ಮಾತೊಂದನ್ನು ಮಾತ್ರ ಹೇಳಲಿಲ್ಲ. ಅಷ್ಟು ಭಾರವನ್ನು ಇನ್ನೊಬ್ಬರ ತಲೆಗೆ ಹೊರಿಸುವುದು ಅವನಿಗೆ ಬೇಕಿರಲಿಲ್ಲ.

"ಮಾಫ್ ಮಾಡು ಅಂತ ಹೆಂಗ ಕೇಳಲಿ" ಎಂದ ಮೌಲಾಹುಸೇನ.

"ಕೇಳಬ್ಯಾಡ್ರಿ ಭಾಯ್. ಕೇಳಿದ್ರ ನಾನೂ ಯಾರನ್ನರ ಕೇಳಬೇಕಾಗ್ತದ. ಕೇಳಾಕ ಅಕಿ ಇಲ್ಲ."

ರಂಜಾನಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಅಡುಗೆಮನೆಗೆ ಹೋದಳು. ಒಳಗೆ ಸೌಭಾಗ್ಯ ಜೋಳದ ಹಿಟ್ಟು ನಾದುತ್ತಿದ್ದಳು. "ನೀ ತಟ್ಟವಾ, ನಾ ಬೇಯಿಸ್ತೀನಿ" ಎಂದು ರಂಜಾನಬಿ ಒಲೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಹೊರಗೆ ರೊಟ್ಟಿ ತಟ್ಟುವ ಸಪ್ಪಳ ಕೇಳತೊಡಗಿತು. ಅಂಬರೇಶ ಎದ್ದು, ನಾಲ್ಕು ಜನರಿಗೆ ತಾಟು ಹಾಕಿದ.